ಒಂದು ನಿಮಿಷ ಅಲ್ಲಾಡಬೇಡಿ

ಹಲ್ಲತ್ತೆಯ ತಲೆ ಆ ವಾರವಿಡೀ ನೆಟ್ಟಗಿರಲಿಲ್ಲ. ಸೋಮವಾರ ಯಾರದೋ ಮೇಲಿನ ದವಡೆಗೆ ಕೆಳಗಿನ ಹಲ್ಲುಗಳನ್ನು ಜೋಡಿಸಿಟ್ಟು, ತಾನೇ ನೋಡಿ, ತಾನೇ ಬಿದ್ದು ಬಿದ್ದು ನಕ್ಕಳು. ಮಾರನೆಯ ದಿನ ಮೇಣ ಕರಗಿಸುವ ದೀಪದ ಮುಂದೆ ಕೂತವಳು ಸುಮ್ಮಸುಮ್ಮನೆ ಕಿಸಕ್ಕೆಂದಳು. ಪಕ್ಕದ ಮೇಜಿನಲ್ಲಿ ಪ್ಲಾಸ್ಟರ್ ಅಚ್ಚು ಉಜ್ಜುತ್ತಿದ್ದವರು ತಲೆಯೆತ್ತಿ, "ಏನ್ರೀ, ಏನಾಯ್ತು?" ಎಂದು ಕೇಳಿದರು. "ಏನಿಲ್ಲ, ಕೆಮ್ಮು" ಎಂದಳು. ಅದು ಕೆಮ್ಮಲ್ಲ ಎಂಬುದು ಕಪಾಟಿನಲ್ಲಿ ಸಾಲಾಗಿ ಕೂತಿದ್ದ ಹಲ್ಲುಸೆಟ್ಟುಗಳಿಗೂ ಗೊತ್ತಿತ್ತು. ಅವೂ ಹಲ್ಲು ಕಿರಿಯುತ್ತಲೇ ಇದ್ದವು.

ಹಲ್ಲುಸೆಟ್ಟು ಮಾಡುವವಳಾದ್ದರಿಂದ ಹಲ್ಲತ್ತೆ. ತಮ್ಮನ ಅವಳಿ ಹೆಣ್ಣುಮಕ್ಕಳು ಇಟ್ಟ ಹೆಸರು ಅದು. ಮಕ್ಕಳು ಕರೆದರೆ ಸರಿ. ಈಗ ತಮ್ಮ, ತಮ್ಮನ ಹೆಂಡತಿ, ಭಾವ, ಕೊನೆಗೆ ಒಡಹುಟ್ಟಿದ ಅಕ್ಕನೂ ಹಾಗೇ ಕರೆಯುತ್ತಾಳೆ. ಅಕ್ಕನೇ ತಂಗಿಯನ್ನು ಅತ್ತೆ ಅನ್ನುವ ಮನೆಯಲ್ಲಿ ನ್ಯಾಯ ನೀತಿ ಹುಡುಕಬೇಡಿ, ಸಿಗುವುದಿಲ್ಲ.

ಇಷ್ಟಕ್ಕೂ ವಿಷಯ ಏನೆಂದರೆ, ಐವತ್ತೊಂದನೆಯ ವಯಸ್ಸಿನಲ್ಲಿ ಹಲ್ಲತ್ತೆ ಪ್ರೀತಿಯಲ್ಲಿ ಬಿದ್ದಿದ್ದಳು. ಅದೂ ಲಿಫ್ಟಿನಲ್ಲಿ. ಅವಳ ಕಾರ್ಯಾಗಾರ ಇರುವ ಕಟ್ಟಡದ ಲಿಫ್ಟು ಒಂದು ಸಂಜೆ ಎರಡು ಮಹಡಿಗಳ ನಡುವೆ ಗಕ್ಕನೆ ನಿಂತಿತು. ಒಳಗೆ ಅವಳು, ಅವಳ ಕ್ಯಾಮೆರಾ ಚೀಲ, ಮೂರು ಕಾಲಿನ ಸ್ಟ್ಯಾಂಡು. ಮೇಲಿನಿಂದ ಯಾರದೋ ದನಿ, "ಗಾಬರಿ ಆಗಬೇಡಿ ಮೇಡಂ, ಆರಾಮಾಗಿ ಕೂತ್ಕೊಳ್ಳಿ" ಎಂದಿತು. "ನಾನು ಆರಾಮಾಗೇ ಇದೀನಿ, ನೀವು ನಿಧಾನಕ್ಕೆ ಮಾಡಿ" ಎಂದಳು ಇವಳು. ಬಾಗಿಲ ಸಂದಿಯಿಂದ ಬಗ್ಗಿ ನೋಡಿದ ಲಿಫ್ಟು ರಿಪೇರಿಯವರು ಆ ಮೂರು ಕಾಲಿನದು ಏನೆಂದು ಕೇಳಿದರು. ಕೇಳಬಾರದಿತ್ತು. ಹಲ್ಲತ್ತೆ ಶುರುಮಾಡಿಬಿಟ್ಟಳು.

ಕ್ಯಾಮೆರಾದ ಮುಂದೆ ಒಂದು ಕಪ್ಪು ಗಾಜು ತಿರುಪಿ ಕೂರಿಸುತ್ತೇವೆ, ಬೆಳಕು ತೊಟ್ಟು ತೊಟ್ಟಾಗಿ ಒಳಗೆ ಬರುತ್ತದೆ, ಅದಕ್ಕೇ ಕ್ಯಾಮೆರಾದ ಕಣ್ಣನ್ನು ಇಡೀ ಒಂದು ನಿಮಿಷ ತೆರೆದಿಡಬೇಕಾಗುತ್ತದೆ. ಆ ನಿಮಿಷದಲ್ಲಿ ಬೀಳುವ ನೀರೆಲ್ಲ ಒಂದರ ಮೇಲೊಂದು ಕೂಡಿಕೊಂಡು ಹಾಲಿನ ಹಾಗೆ ಬರುತ್ತದೆ. ಬೆಟ್ಟ ಬೆಟ್ಟವಾಗಿಯೇ ಉಳಿಯುತ್ತದೆ. ನಡುವೆ ಯಾರಾದರೂ ಅಡ್ಡ ಹಾದು ಹೋದರೆ ಅವರು ಫೋಟೋದಲ್ಲಿ ಇರುವುದೇ ಇಲ್ಲ, ಗಾಳಿಗೆ ಹೋದ ಹಾಗೆ. "ನಿಂತವರು ಮಾತ್ರ ಉಳೀತಾರೆ" ಎಂದು ಅವಳು ಕೈ ಆಡಿಸಿ ಆಡಿಸಿ ವಿವರಿಸಿದಳು. ಲಿಫ್ಟಿನವರು ಮೇಲಿನ ಮಹಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಲಿಫ್ಟು ಅಷ್ಟೊತ್ತಿಗಾಗಲೇ ಸರಿಹೋಗಿತ್ತು ಎಂಬುದನ್ನು ಅವರು ಬಾಯಿ ಬಿಟ್ಟದ್ದು ತಿಂಗಳುಗಳಾದ ಮೇಲೆ. ಆ ದಿನ ಹಲ್ಲತ್ತೆ ಬೀದಿಯುದ್ದಕ್ಕೂ ನಗುತ್ತಾ ಮನೆಗೆ ಹೋದಳು.

ಇಲ್ಲಿಗೆ ಎಲ್ಲ ಸುಗಮ. ತೊಡಕಿದ್ದದ್ದು ಮನೆಯ ಕಟ್ಟಳೆಯಲ್ಲಿ.

ಈ ಮನೆಯಲ್ಲಿ ವರ್ಷಕ್ಕೊಮ್ಮೆ ಗುಂಪು ಫೋಟೋ ಆಗಲೇಬೇಕು, ಅಪ್ಪನ ಕಾಲದಿಂದ ಬಂದದ್ದು. ಮನೆಯವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಇನ್ನೂ ಮನೆಯವರಾಗದೆ ಬಾಗಿಲಲ್ಲಿ ನಿಂತವರು ಯಾರೋ ಅವರು ಕ್ಯಾಮೆರಾ ಹಿಡಿಯುತ್ತಾರೆ. ಅಕ್ಕನನ್ನು ಮದುವೆಯಾಗಲು ಬಂದ ಭಾವ ಕೆಲವು ವರ್ಷ ಕ್ಯಾಮೆರಾ ಹಿಡಿದರು. ಆ ಕಾಲದ ಫೋಟೋಗಳಲ್ಲಿ ಯಾರಿಗೂ ಪಾದಗಳಿಲ್ಲ. ತಮ್ಮನ ಹೆಂಡತಿಯಾಗಬೇಕಿದ್ದವಳು ತೆಗೆದದ್ದರಲ್ಲೆಲ್ಲ ಮೂಲೆಯಲ್ಲಿ ಅವಳ ಹೆಬ್ಬೆರಳು. ಕೊನೆಗೊಂದು ವರ್ಷ, ನಡುವಿನ ಕುರ್ಚಿಯಲ್ಲಿ ಕೂತ ಅಕ್ಕ (ಅಪ್ಪ ಹೋದ ಮೇಲೆ ಆ ಕುರ್ಚಿ ಅವಳದೇ) ಪಕ್ಕದ ಜಾಗ ತೋರಿಸಿ "ಬಾ" ಅನ್ನುತ್ತಾಳೆ. ಅಷ್ಟೇ. ಆಮೇಲೆ ಮದುವೆ ಬರೀ ಊಟದ ಲೆಕ್ಕ.

ಇಪ್ಪತ್ತೆಂಟರ ವಯಸ್ಸಿನಲ್ಲಿ ಹಲ್ಲತ್ತೆಯೂ ಒಬ್ಬನನ್ನು ಕರೆತಂದಿದ್ದಳು. ಪಾಪ, ಪಾದ ಸಮೇತ ಚೆನ್ನಾಗಿಯೇ ತೆಗೆದ. ಅಕ್ಕ "ಬಾ" ಅನ್ನಲಿಲ್ಲ. ಮರುವರ್ಷವೂ ಅನ್ನಲಿಲ್ಲ. ಅದರ ಮರುವರ್ಷ ಅವನು ಬರಲೇ ಇಲ್ಲ. ಹಲ್ಲತ್ತೆ ಅತ್ತಳು, ಪ್ಲಾಸ್ಟರ್ ಪುಡಿ ಕಣ್ಣಿಗೆ ಬಿತ್ತು ಎಂದು ಹೇಳಿಕೊಂಡಳು, ಆಮೇಲೆ ಯಾರನ್ನೂ ಕರೆತರಲಿಲ್ಲ. ಅಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಆಗದು. ಅಮ್ಮ ತೀರಿಕೊಂಡಾಗ ತನ್ನ ಓದು ಬಿಟ್ಟು ತಂಗಿ ತಮ್ಮನ ತಲೆ ಬಾಚಿ, ಅನ್ನ ಹಾಕಿ ಬೆಳೆಸಿದವಳು ಅಕ್ಕ. ಹಾಗಾಗಿ ಹಲ್ಲತ್ತೆ ಕ್ಯಾಮೆರಾ ಹೊತ್ತುಕೊಂಡು ಜಲಪಾತಗಳ ಹಿಂದೆ ಬಿದ್ದಳು. ಗೋಡೆಯ ತುಂಬ ನೀರು, ಬಂಡೆ, ಬೆಟ್ಟ. ಒಂದು ನರಪಿಳ್ಳೆಯೂ ಇಲ್ಲ. "ಇದರಲ್ಲಿ ನೀರೆಲ್ಲಿದೆ, ಬರೀ ಹೊಗೆ" ಎಂದು ಅಕ್ಕ ಮೂಗು ಮುರಿಯುತ್ತಿದ್ದಳು.

ಕೆಲವು ತಿಂಗಳು ಕಳೆದು ಲಿಫ್ಟಿನವರಿಗೆ ಹಲ್ಲತ್ತೆ ಇದನ್ನೆಲ್ಲ ಹೇಳಿಕೊಂಡಾಗ ಅವರು ಕೇಳಿದರು, "ಅಕ್ಕ ಈ ಸಲವೂ ಬಾ ಅನ್ನದಿದ್ದರೆ?"

"ಅಕ್ಕನ್ನ ಬಿಟ್ಟು ನನಗಾಗಲ್ಲ."

"ಸರಿ."

"ನಿಮ್ಮನ್ನ ಬಿಟ್ಟೂ ಆಗಲ್ಲ."

"ಸರಿಹೋಯ್ತು. ಎರಡು ಮಹಡಿ ನಡುವೆ ನಿಂತ ಹಾಗಾಯ್ತಲ್ಲ" ಎಂದರು ಅವರು. ಅವಳಿಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಯಾಕೆಂದರೆ ಫೋಟೋದ ದಿನ ಬರುವ ಭಾನುವಾರವೇ ಇತ್ತು, ಮತ್ತು ಲಿಫ್ಟಿನವರು ಬರುತ್ತಾರೆಂದು ಅವಳು ಮನೆಯಲ್ಲಿ ಆಗಲೇ ಹೇಳಿಬಿಟ್ಟಿದ್ದಳು. ಅಕ್ಕ ಅದಕ್ಕೆ "ಓಹೋ" ಎಂದಷ್ಟೇ ಅಂದಿದ್ದಳು. ಆ ಓಹೋದಲ್ಲಿ ಏನಿದೆ ಎಂದು ಹಲ್ಲತ್ತೆ ವಾರವಿಡೀ ತಲೆ ಕೆಡಿಸಿಕೊಂಡಳು.

ಆ ವರ್ಷ ಫೋಟೋಗೆ ಜಲಪಾತವೇ ಜಾಗವಾಗಬೇಕೆಂದು ಹಠ ಹಿಡಿದದ್ದು ಅವಳಿ ಮಕ್ಕಳು. ಭಾನುವಾರ ಬೆಳಿಗ್ಗೆ ಹಲ್ಲತ್ತೆ ಮತ್ತು ಲಿಫ್ಟಿನವರು ಎಲ್ಲರಿಗಿಂತ ಮೊದಲೇ ಬೆಟ್ಟದ ಬುಡಕ್ಕೆ ಹೋದರು. ಮೋಡ ಕವಿದಿತ್ತು, ಬೆಳಕು ಹದವಾಗಿತ್ತು, ನೀರು ಎರಡು ಕವಲಾಗಿ ಕಪ್ಪು ಬಂಡೆಯ ಮೇಲೆ ಬೀಳುತ್ತಿತ್ತು. ಹಲ್ಲತ್ತೆ ಸ್ಟ್ಯಾಂಡಿನ ಕಾಲುಗಳನ್ನು ಕಲ್ಲಿನ ಸಂದಿಗೆ ಊರಿ, ನೀರಿನ ಮುಂದಿದ್ದ ಚಪ್ಪಟೆ ಬಂಡೆಗೆ ದೃಷ್ಟಿ ಕೂಡಿಸಿದಳು. ಮನೆಯವರು ಬರುವ ಮುಂಚೆ ತನಗಾಗಿ ಒಂದು ತೆಗೆದುಕೊಳ್ಳುವ ಆಸೆ. ಚೀಲದಿಂದ ಕಪ್ಪು ಗಾಜು ತೆಗೆದಳು. ಆ ಹೊತ್ತಿಗೇ ಲಿಫ್ಟಿನವರು, "ನಿಮ್ಮ ಕೂದಲ ತುಂಬ ನೀರ ಹನಿ ಕೂತಿದೆ, ಚೆನ್ನಾಗಿದೆ" ಎಂದುಬಿಟ್ಟರು. ಆ ಹೊತ್ತಿಗೇ ಕೆಳಗಿನ ರಸ್ತೆಯಲ್ಲಿ ತಮ್ಮನ ವ್ಯಾನು ಹಾರನ್ನು ಬಾರಿಸಿತು. ಹಲ್ಲತ್ತೆಯ ಕೈ ಎಲ್ಲಿತ್ತೋ, ತಲೆ ಎಲ್ಲಿತ್ತೋ, ಗಾಜು ಓರೆಯಾಗಿ ಕೂತಿತು, ಅವಳು ಅದನ್ನೇ ಬಲ ಹಾಕಿ ತಿರುಪಿದಳು. ಕಟಕ್.

"ಅಯ್ಯೋ" ಎಂದಳು ಮೆಲ್ಲಗೆ.

ಗಾಜು ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲಿಲ್ಲ.

ಮನೆಯವರು ಬುಟ್ಟಿ, ಚಾಪೆ, ಅಕ್ಕನ ಮಡಚುವ ಕುರ್ಚಿ ಹೊತ್ತು ಬರುವಷ್ಟರಲ್ಲಿ ಅವಳ ಬೆರಳುಗಳು ಕೆಂಪಾಗಿದ್ದವು. ಆಮೇಲೆ ಶುರುವಾಯಿತು ನೋಡಿ ಮನೆಯವರ ಹರಸಾಹಸ. ತಮ್ಮ ಗಾಜಿಗೆ ಕರವಸ್ತ್ರ ಸುತ್ತಿ ತಿರುಗಿಸಿ ಮುಖ ಊದಿಸಿಕೊಂಡ. ಅವನ ಹೆಂಡತಿ ಊಟದ ಡಬ್ಬಿಯ ರಬ್ಬರ್ ಬ್ಯಾಂಡು ತೊಡಿಸಿ ನೋಡಿದಳು. ಅವಳಿಗಳು ಕಚ್ಚಿ ತೆಗೆಯುತ್ತೇವೆಂದು ಮುಂದೆ ಬಂದವು. ಹಲ್ಲು ಮುರಿದರೆ ಅತ್ತೆ ಇದ್ದಾಳಲ್ಲ ಎಂಬ ಧೈರ್ಯ. ಭಾವ ಚಾಪೆಯ ಮೇಲೆ ಕಾಲು ಚಾಚಿ, "ಮೊದಲು ಊಟ ಮಾಡೋಣ, ಅದೇ ಸರಿಹೋಗುತ್ತೆ" ಎಂದರು. ಭಾವನಿಗೆ ಲೋಕದ ಎಲ್ಲ ತೊಂದರೆಗೂ ಇದೊಂದೇ ಮದ್ದು.

ಲಿಫ್ಟಿನವರು ಒಮ್ಮೆ ಬೆರಳಾಡಿಸಿ ನೋಡಿ, "ಇಲ್ಲಿ ಬಲ ಹಾಕಿದರೆ ಒಡೆಯುತ್ತೆ, ಮನೆಗೆ ಹೋಗಿ ಬಿಚ್ಚಬೇಕು" ಎಂದರು. ತಮ್ಮ ತನ್ನ ಜೇಬಿನಿಂದ ಫೋನು ತೆಗೆದ. ಅಕ್ಕ ಅವನನ್ನು ನೋಡಿದಳು. ಅವನು ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಫೋನಿನದು ಈ ಮನೆಯಲ್ಲಿ ಲೆಕ್ಕಕ್ಕಿಲ್ಲ.

"ಗಾಜು ಇದ್ದರೂ ತೆಗೀಬಹುದು" ಎಂದಳು ಹಲ್ಲತ್ತೆ. "ಎಲ್ಲರೂ ಆ ಬಂಡೆ ಮೇಲೆ ಒಂದು ನಿಮಿಷ ಅಲ್ಲಾಡದೆ ಇರಬೇಕು."

ನಿಜ ಹೇಳಬೇಕೆಂದರೆ, ಕ್ಯಾಮೆರಾದಲ್ಲಿ ಒಂದೆರಡು ಗುಂಡಿ ತಿರುಗಿಸಿದ್ದರೆ ಕಪ್ಪು ಗಾಜಿನ ಹಿಂದಿನಿಂದಲೂ ಬೇಗನೆ ತೆಗೆಯಬಹುದಿತ್ತು. ಫೋಟೋ ಸ್ವಲ್ಪ ರವೆರವೆಯಾಗುತ್ತಿತ್ತು, ಅಷ್ಟೇ. ಹಲ್ಲತ್ತೆಗೆ ಅದು ಗೊತ್ತಿತ್ತು. ಅವಳಿಂದ ಕಲಿತಿದ್ದ ಲಿಫ್ಟಿನವರಿಗೂ ಗೊತ್ತಿತ್ತು. ಅವರು ಅವಳ ಮುಖ ನೋಡಿದರು, ಅವಳು ಅವರ ಮುಖ ನೋಡಿದಳು, ಇಬ್ಬರೂ ತುಟಿ ಪಿಟಕ್ ಎನ್ನಲಿಲ್ಲ. ಎಷ್ಟೋ ವರ್ಷಗಳಿಂದ ತನ್ನ ಫೋಟೋಗಳನ್ನು ಹೊಗೆ ಎಂದವರನ್ನೆಲ್ಲ ಒಂದು ಸಲ ನೀರಿನ ಮುಂದೆ ಬಾಯಿ ಮುಚ್ಚಿ ಕೂರಿಸುವ ಅವಕಾಶವನ್ನು ಯಾವ ಹೆಣ್ಣು ಬಿಟ್ಟಾಳು?

ತಮ್ಮ ಗಹಗಹಿಸಿ ನಕ್ಕ. "ನಮ್ಮನೆಯವರು? ಒಂದು ನಿಮಿಷ? ಊಟದಲ್ಲೂ ಒಂದು ನಿಮಿಷ ಸುಮ್ಮನಿರಲ್ಲ. ಅಕ್ಕನ ಕೈಲಂತೂ ಆಗೋದೇ ಇಲ್ಲ."

ಅಕ್ಕನಿಗೆ ಯಾರೂ "ಆಗಲ್ಲ" ಅನ್ನಬಾರದು. ಅವಳು ಕುರ್ಚಿ ಎತ್ತಿಕೊಂಡು ನೇರವಾಗಿ ಬಂಡೆಯ ನಡುವೆ ಇಟ್ಟು, ಸೆರಗು ಬಿಗಿದು ಕೂತಳು. "ಎಲ್ಲಾ ಬನ್ನಿ. ಯಾರು ಮೊದಲು ಅಲ್ಲಾಡ್ತೀರೋ ಅವರು ಇವತ್ತು ಎಲ್ಲರ ಪಾತ್ರೆ ತೊಳೀಬೇಕು. ನಾನಾದರೂ ಅಷ್ಟೇ." ಆಮೇಲೆ ಲಿಫ್ಟಿನವರ ಕಡೆ ನೋಡದೆ, ತಂಗಿಗೆ ಹೇಳಿದಳು, "ಅವರಿಗೆ ಹೇಳು, ಒತ್ತಲಿ."

ಬೆಳಗಿನಿಂದ ಅಕ್ಕ ಅವರ ಹತ್ತಿರ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಬುಟ್ಟಿ ಬಿಚ್ಚಿ ಚಹಾ ಕೊಡುವಾಗಲೂ "ಅವರಿಗೆ ಸಕ್ಕರೆ ಎಷ್ಟು ಕೇಳು" ಎಂದಿದ್ದಳು. ಹಲ್ಲತ್ತೆಯ ಮುಖ ಸಪ್ಪಗಾಯಿತು. ಒತ್ತಲಿ ಅಂದರೆ ಒತ್ತಲಿ, ಬಾ ಅಲ್ಲ. ಅವಳು ಹೋಗಿ ಸಾಲಿನ ತುದಿಯಲ್ಲಿ ನಿಂತಳು.

ಲಿಫ್ಟಿನವರು ಕ್ಯಾಮೆರಾದ ಹಿಂದೆ ನಿಂತು, ಅದಕ್ಕೆ ಸಿಕ್ಕಿಸಿದ್ದ ತಂತಿಯ ತುದಿಯ ಗುಂಡಿ ಕೈಗೆತ್ತಿಕೊಂಡರು. "ಒಂದು ನಿಮಿಷ ಯಾರೂ ಅಲ್ಲಾಡಬೇಡಿ, ಮಾತೂ ಬೇಡ" ಎಂದರು. ಒಮ್ಮೆ ಕೆಮ್ಮಿ, "ನಡುವೆ ಏನೇ ಆದರೂ" ಎಂದು ಸೇರಿಸಿದರು.

ಒತ್ತಿದರು.

ಈ ಮನೆಯವರು ಇರುವ ಕಡೆ ಇಷ್ಟೊಂದು ಮೌನ ಹಿಂದೆಂದೂ ಆಗಿರಲಿಲ್ಲ. ನೀರು ಇಷ್ಟು ಜೋರಾಗಿ ಸದ್ದು ಮಾಡುತ್ತಿದೆ ಎಂಬುದು ಎಲ್ಲರಿಗೂ ಆಗಲೇ ಗೊತ್ತಾದದ್ದು. ಹಲ್ಲತ್ತೆಗೆ ನಗು ಹೊಕ್ಕುಳಿನಿಂದ ಎದ್ದು ಗಂಟಲಿಗೆ ಬಂದು ಕೂತಿತು. ಪಕ್ಕದಲ್ಲಿ ಅವಳಿಗಳ ಭುಜ ಕುಲುಕುತ್ತಿರುವುದು ಓರೆಗಣ್ಣಿಗೆ ಕಾಣುತ್ತಿತ್ತು. ತಮ್ಮನ ಮೂಗಿನ ಸುತ್ತ ನೊಣ ಒಂದು ಗಸ್ತು ತಿರುಗುತ್ತಿತ್ತು.

ಆಗ ಲಿಫ್ಟಿನವರು ತಂತಿಯನ್ನು ಮೆಲ್ಲಗೆ ಕೆಳಗೆ ಇಳಿಬಿಟ್ಟು ಕ್ಯಾಮೆರಾದ ಹಿಂದಿನಿಂದ ಈಚೆ ಬಂದರು.

ಏನೋ ಬಿದ್ದಿರಬೇಕು, ಎತ್ತಿಕೊಳ್ಳಲು ಬಂದಿದ್ದಾರೆ ಎಂದುಕೊಂಡಳು ಹಲ್ಲತ್ತೆ. ಅವರು ಬಗ್ಗಲಿಲ್ಲ. ಸ್ಟ್ಯಾಂಡಿಗೆ ಕಾಲು ತಾಗದ ಹಾಗೆ ಬಳಸಿ, ಒದ್ದೆ ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ, ಒಮ್ಮೆ ಜಾರಿ ಸಾವರಿಸಿಕೊಂಡು, ನೇರವಾಗಿ ಬಂಡೆಯ ಕಡೆಗೇ ಬಂದರು. ಕರೆಯದೆ. ಯಾರೂ ಬಾ ಅನ್ನದೆ.

ಹಲ್ಲತ್ತೆಯ ಎದೆ ಢವಢವ ಹೊಡೆದುಕೊಂಡಿತು. ಇದು ಫೋಟೋದಲ್ಲಿ ಬರುತ್ತದೋ ಏನೋ ಎಂದು ಹೆದರಿಕೆಯಾಯಿತು. ಕಣ್ಣಷ್ಟೇ ತಿರುಗಿಸಿ ಅಕ್ಕನನ್ನು ನೋಡಿದಳು. ಅಕ್ಕನ ಕಣ್ಣು ಅಗಲವಾಗಿತ್ತು, ಮೂಗಿನ ಹೊಳ್ಳೆ ಅರಳಿತ್ತು, ಬಾಯಿ ಮಾತ್ರ ಮುಚ್ಚಿಕೊಂಡಿತ್ತು. ಪಾತ್ರೆ ತೊಳೆಯುವ ಪಂಥ ಕಟ್ಟಿದವಳು ಅವಳೇ. ತಡೆಯಬಲ್ಲ ಒಬ್ಬಳೇ ಒಬ್ಬಳ ಬಾಯಿ ಅವಳ ಮಾತಿನಿಂದಲೇ ಬಂದ್ ಆಗಿತ್ತು. ಲಿಫ್ಟಿನವರು ಬಂದು, ಹಲ್ಲತ್ತೆಯ ಪಕ್ಕ ಒಂದು ಗೇಣು ಬಿಟ್ಟು, ಕ್ಯಾಮೆರಾದ ಕಡೆ ತಿರುಗಿ ಶಾಲೆಯ ಹುಡುಗನಂತೆ ಕೈ ಇಳಿಬಿಟ್ಟು ನಿಂತರು. ಅವರ ಉಸಿರು ಏರಿಳಿಯುತ್ತಿದ್ದದ್ದು ಅವಳಿಗೆ ಕೇಳಿಸಿತು. ಇಷ್ಟು ಸುಖ, ಇಷ್ಟು ಭಯ ಒಟ್ಟಿಗೇ ಅವಳಿಗೆ ಯಾವತ್ತೂ ಆಗಿರಲಿಲ್ಲ. ಅಲ್ಲಾಡಬೇಡಿ ಎಂದು ಎಲ್ಲರಿಗೂ ಪಾಠ ಹೇಳಿದವಳು ತಾನೇ ಕೈ ಚಾಚಿ ಅವರ ಕೈ ಹಿಡಿದುಕೊಂಡಳು.

ಕ್ಯಾಮೆರಾ ಟಕ್ ಎಂದಿತು. ಯಾರೂ ಅಲ್ಲಾಡಲಿಲ್ಲ. ಅಷ್ಟು ಹೊತ್ತು ಕುಲುಕಾಡಿದ ಅವಳಿಗಳೂ ಈಗ ಕಲ್ಲಾಗಿದ್ದವು.

ಮೊದಲು ಎದ್ದವಳು ಅಕ್ಕ, ಮೊಣಕಾಲು ಹಿಡಿದುಕೊಂಡು. "ಇದೇನು..." ಎಂದು ಶುರುಮಾಡಿದಳು.

"ಅಕ್ಕ, ನಾನು ಇವರನ್ನ ಮದುವೆ ಆಗ್ತೀನಿ" ಎಂದಳು ಹಲ್ಲತ್ತೆ. "ನೀನು ಬಾ ಅಂದರೂ ಆಗ್ತೀನಿ, ಅನ್ನದಿದ್ದರೂ ಆಗ್ತೀನಿ. ಬಾ ಅಂದರೆ ನನಗೆ ತುಂಬಾ ಖುಷಿ. ಅನ್ನದಿದ್ದರೆ ಅಳ್ತಾ ಆಗ್ತೀನಿ."

ಭಾವ ಚಪ್ಪಾಳೆ ತಟ್ಟಲು ಹೋಗಿ, ಹೆಂಡತಿಯ ಬೆನ್ನು ನೋಡಿ, ಕೈ ಉಜ್ಜಿಕೊಂಡರು. ಅಕ್ಕ ಸೀದಾ ಕ್ಯಾಮೆರಾದ ಹತ್ತಿರ ಹೋಗಿ ಅದರ ಪರದೆ ನೋಡಿದಳು. ಪರದೆ ಕಪ್ಪಾಗಿತ್ತು. "ಏನೂ ಬಂದಿಲ್ಲ" ಎಂದಳು.

"ಬರುತ್ತೆ" ಎಂದರು ಲಿಫ್ಟಿನವರು. "ಎಷ್ಟು ಹೊತ್ತು ನೋಡಿರುತ್ತೋ ಅಷ್ಟು ಹೊತ್ತು ಅದು ಯೋಚನೆ ಮಾಡುತ್ತೆ."

ಎಲ್ಲರೂ ಕ್ಯಾಮೆರಾದ ಸುತ್ತ ಮುತ್ತಿಕೊಂಡರು. ಅದು ಯೋಚಿಸಿತು. ಇಡೀ ಮನೆ ಒಂದು ಪೆಟ್ಟಿಗೆ ಏನು ಹೇಳುತ್ತದೋ ಎಂದು ಬಾಯಿಬಿಟ್ಟು ಕಾಯಿತು. ಅಂತೂ ಪರದೆ ಬೆಳಗಿತು.

ಮೊದಲು ಕಿರುಚಿ ನಕ್ಕವರು ಅವಳಿಗಳು, ಯಾಕೆಂದರೆ ಅವರಿಬ್ಬರಿಗೂ ತಲೆಯೇ ಇರಲಿಲ್ಲ; ಫ್ರಾಕಿನ ಮೇಲೆ ಒಂದೊಂದು ಮಸುಕು ಮುದ್ದೆ. ನೊಣ ಓಡಿಸಲು ಮುಖ ಆಡಿಸಿದ ತಮ್ಮನಿಗೆ ಮೂಗೆರಡು. ಅವನ ಹೆಂಡತಿ ಅದನ್ನು ನೋಡಿ ನಗುತ್ತಾ ಅಲ್ಲೇ ಕುಸಿದು ಕೂತಳು. ಭಾವ ಮಾತ್ರ ರೆಪ್ಪೆಗೂದಲು ಸಮೇತ ಸ್ಫುಟವಾಗಿ ಬಂದಿದ್ದರು, ನಿದ್ದೆ ಹೊಡೆದಿದ್ದರು. ನಡುವೆ ಅಕ್ಕ, ಕಲ್ಲಿನಲ್ಲಿ ಕೆತ್ತಿದ ಹಾಗೆ. ಹಿಂದೆ ನೀರು ಬೆಟ್ಟದಿಂದ ಹಾಲಾಗಿ ಇಳಿದಿತ್ತು. ತುದಿಯಲ್ಲಿ ಹಲ್ಲತ್ತೆ, ಒಂದು ತೋಳು ಅರ್ಧಕ್ಕೇ ಕರಗಿ ಹೋಗಿತ್ತು. ಅವಳ ಪಕ್ಕದಲ್ಲಿ ತೆಳ್ಳಗೆ, ನೆರಳಿನಂಥ ಒಬ್ಬ ಮನುಷ್ಯ.

ನಗು ಮೆಲ್ಲಮೆಲ್ಲಗೆ ತಗ್ಗಿತು. ಅಕ್ಕ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

"ನಿಮ್ಮ ಹೊಟ್ಟೆಯೊಳಗೆ ಬಂಡೆ ಕಾಣ್ತಿದೆಯಲ್ಲ" ಎಂದಳು. ಬೆಳಗಿನಿಂದ ಮೊದಲ ಸಲ ಅವರ ಮುಖ ನೋಡಿ ಆಡಿದ ಮಾತು ಅದು.

"ತಡವಾಗಿ ಬಂದೆ, ಅದಕ್ಕೆ ಹಾಗೆ."

"ಮೊದಲಿಂದ ನಿಂತಿದ್ದರೆ?"

"ಪೂರ್ತಿ ಬರ್ತಿದ್ದೆ."

ಅಕ್ಕ ಫೋಟೋ ನೋಡಿದಳು, ತಂಗಿಯ ಕರಗಿದ ತೋಳು ನೋಡಿದಳು, ಎದುರಿಗೆ ಅದೇ ತೋಳು ಇನ್ನೂ ಆ ಮನುಷ್ಯನ ಕೈ ಬಿಡದೆ ಹಿಡಿದಿರುವುದನ್ನೂ ನೋಡಿದಳು. "ಮನೆ ಫೋಟೋದಲ್ಲಿ ಹೀಗೆ ಅರ್ಧಂಬರ್ಧ ಇರಬಾರದು" ಎಂದಳು. "ಹೋಗಿ ನಿಂತ್ಕೊಳ್ಳಿ. ಇನ್ನೊಂದು ತೆಗೀಬೇಕು."

ಹಲ್ಲತ್ತೆ ಅಕ್ಕನನ್ನು ಗಟ್ಟಿಯಾಗಿ ತಬ್ಬಿಕೊಂಡು ಕುಣಿದುಬಿಟ್ಟಳು. ಅಕ್ಕ "ಮೊಣಕಾಲು, ಮೊಣಕಾಲು" ಎಂದು ಕೂಗಿದರೂ ಬಿಡಲಿಲ್ಲ. ಆ ಗದ್ದಲವೆಲ್ಲ ಮುಗಿದು ಎಲ್ಲರೂ ಬಂಡೆಗೆ ಹೋಗಿ ನಿಂತ ಮೇಲೆ ತಮ್ಮನಿಗೆ ಹೊಳೆಯಿತು. "ಅಲ್ಲ, ಒತ್ತೋರು ಯಾರು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗಿನವರು ಯಾರೂ ಉಳಿದಿರಲಿಲ್ಲ.

"ಎಲ್ಲಿ ಒತ್ತಬೇಕು, ತೋರಿಸಿ" ಎಂದಳು ಅಕ್ಕ.

ಅಕ್ಕ ಹುಟ್ಟಿದಾಗಿನಿಂದ ಆ ಫೋಟೋದ ಒಳಗೇ ಇದ್ದವಳು. ಒಂದು ವರ್ಷವೂ ಆಚೆ ನಿಂತವಳಲ್ಲ. ಲಿಫ್ಟಿನವರು ತಂತಿಯ ಗುಂಡಿಯನ್ನು ಅವಳ ಕೈಗೆ ಕೊಟ್ಟು, "ಒಮ್ಮೆ ಒತ್ತಿದರೆ ಸಾಕು, ತಾನಾಗೇ ಮುಚ್ಚಿಕೊಳ್ಳುತ್ತೆ. ಒತ್ತಿ ನೀವೂ ಬಂದ್ಬಿಡಿ ಅಕ್ಕ" ಎಂದರು. ಓಡಿ ಬಂದು ಹಲ್ಲತ್ತೆಯ ಪಕ್ಕ ನಿಂತರು, ಈ ಸಲ ಗೇಣು ಬಿಡದೆ.

ಅಕ್ಕ ಒತ್ತಿದಳು. ಒತ್ತಿದವಳು ಕೂಡಲೇ ಬರಲಿಲ್ಲ. ತಂತಿ ಕೈಯಲ್ಲಿ ಹಿಡಿದು ಅಲ್ಲೇ ನಿಂತು ಅವರೆಲ್ಲರನ್ನೂ ನೋಡಿದಳು, ಈ ತುದಿಯಿಂದ ಆ ತುದಿಯವರೆಗೆ. ತಾನು ತಲೆ ಬಾಚಿ ಬೆಳೆಸಿದವರನ್ನು ಹೀಗೆ ಸಾಲಾಗಿ ಎದುರಿಗೆ ಅವಳು ಕಂಡದ್ದು ಅದೇ ಮೊದಲು. ಆಮೇಲೆ ತಂತಿ ಇಳಿಬಿಟ್ಟು ಹೊರಟಳು. ಒದ್ದೆ ಕಲ್ಲು, ನೋಯುವ ಮೊಣಕಾಲು, ನಿಧಾನಕ್ಕೆ ಒಂದೊಂದೇ ಹೆಜ್ಜೆ. ಹೋಗಿ ಕೈ ಕೊಡೋಣವೆಂದರೆ ಯಾರೂ ಅಲ್ಲಾಡುವಂತಿಲ್ಲ. ಹಲ್ಲತ್ತೆ ಅಲ್ಲಾಡದೆ ನಿಂತಿದ್ದಳು, ಕಣ್ಣೀರು ಮಾತ್ರ ತನ್ನ ಪಾಡಿಗೆ ಗಲ್ಲದ ಮೇಲೆ ಇಳಿಯುತ್ತಿತ್ತು, ಒಳಗೆ ನಗುವೂ ಉಕ್ಕುತ್ತಿತ್ತು. ಅಕ್ಕ ನಡುವಿನ ಕುರ್ಚಿಯ ಹತ್ತಿರ ಬಂದಳು, ಅದನ್ನು ದಾಟಿ ಬಂದಳು, ಸಾಲಿನ ತುದಿಗೆ ಬಂದು ಲಿಫ್ಟಿನವರ ಆಚೆ ಪಕ್ಕದಲ್ಲಿ ನಿಂತು ಕ್ಯಾಮೆರಾದ ಕಡೆ ತಿರುಗಿದಳು.

"ಇನ್ನೂ ಸಮಯ ಇದೆಯಾ?" ಎಂದಳು, ತುಟಿ ಅಲ್ಲಾಡಿಸದೆ.

"ಇದೆ ಅಕ್ಕ, ಇನ್ನೂ ಇದೆ" ಎಂದರು ಅವರು, ಅವರೂ ತುಟಿ ಅಲ್ಲಾಡಿಸದೆ.

ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳು.